ಮಕ್ಕಳು ಪಾಠ ನೋಡಿಕೊಂಡೇ ಬರುತ್ತಾರೆ, ಇನ್ನು ಕ್ಲಾಸಲ್ಲಿ ನಾನೇನು ಮಾಡಲಿ?

ಗಣಿತದ ಮೇಷ್ಟ್ರು (ತಿಪಟೂರು ಕಡೆ)

ನಮಸ್ಕಾರ. ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹದಿನೆಂಟು ವರ್ಷವಾಯಿತು. ಹೋದ ವಾರ ಒಂದು ಸಂಗತಿ ನಡೆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಹತ್ತನೇ ಕ್ಲಾಸಿಗೆ ವರ್ಗ ಸಮೀಕರಣ ಶುರು ಮಾಡಿದೆ. ಬೋರ್ಡಿನ ಮೇಲೆ ಮೊದಲ ಸಾಲು ಬರೆಯುವಷ್ಟರಲ್ಲಿ ಹಿಂದಿನ ಬೆಂಚಿನಿಂದ "ಗೊತ್ತು ಸಾರ್, ಮಧ್ಯದ ಪದ ಒಡೀಬೇಕು" ಅಂತ ದನಿ ಬಂತು. ವಿಚಾರಿಸಿದರೆ 46 ಮಕ್ಕಳಲ್ಲಿ 19 ಜನ ಆಗಲೇ ಯೂಟ್ಯೂಬಿನಲ್ಲಿ ಪಾಠ ನೋಡಿ ಬಂದಿದ್ದರು. ಅದೂ ಕನ್ನಡದಲ್ಲೇ. ಮನೆಗೆ ಬಂದು ನಾನೂ ಒಂದು ನೋಡಿದೆ. ಸುಳ್ಳು ಯಾಕೆ ಹೇಳಲಿ, ನನಗಿಂತ ಚೆನ್ನಾಗಿ ಬಿಡಿಸಿದ್ದರು.

ಮಾರನೇ ದಿನ ಹಿಂದಿನ ಬೆಂಚಿನಿಂದ ಕೂಗಿದ ಆ ಹುಡುಗನನ್ನೇ ಬೋರ್ಡಿಗೆ ಕರೆದೆ. ಮಧ್ಯದ ಪದ ಒಡೆಯಲು ಬೇಕಲ್ಲ, ಗುಣಿಸಿದರೆ 6, ಕೂಡಿದರೆ 5 ಬರುವ ಎರಡು ಸಂಖ್ಯೆ ಯಾವುವು ಅಂದೆ. ತಕ್ಷಣ 2, 3 ಅಂದ. ಸರಿ, ಗುಣಿಸಿದರೆ ಮೈನಸ್ 6, ಕೂಡಿದರೆ ಮೈನಸ್ 1? ಸೀಮೆಸುಣ್ಣ ಹಿಡಿದು ನಿಂತ. ನಿಂತೇ ಇದ್ದ. ಅಂಥದ್ದೇ ಲೆಕ್ಕ ವಿಡಿಯೊದಲ್ಲೂ ಇತ್ತು. ಕೇಳಿದ್ದಕ್ಕೆ "ನೋಡುವಾಗ ಗೊತ್ತಿತ್ತು ಸಾರ್" ಅಂದ.

ಆ ಮಾತು ತಲೆಯಿಂದ ಹೋಗುತ್ತಿಲ್ಲ. ನನ್ನ ಪ್ರಶ್ನೆ ಇಷ್ಟೇ. ಪಾಠವನ್ನು ಫೋನೇ ಮಾಡಿಬಿಟ್ಟರೆ ನನ್ನ 40 ನಿಮಿಷದಲ್ಲಿ ನಾನೇನು ಮಾಡಲಿ? ಅದನ್ನೇ ಮತ್ತೆ ಹೇಳಿದರೆ 19 ಜನ ಆಕಳಿಸುತ್ತಾರೆ. ಹೇಳದಿದ್ದರೆ ಉಳಿದ 27 ಜನರ ಗತಿ ಏನು?

ಕೋಡ್ ಬರೆಯುವವ (ಬೆಂಗಳೂರು)

ಬೇಜಾರು ಮಾಡಿಕೊಳ್ಳಬೇಡಿ ಸರ್, ನೇರವಾಗಿ ಹೇಳುತ್ತೇನೆ. ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದೆ. ಇವತ್ತು ಹೊಟ್ಟೆಗೆ ಹಾಕುತ್ತಿರುವ ವಿದ್ಯೆಯೆಲ್ಲ ಹಾಸ್ಟೆಲ್ ರೂಮಿನಲ್ಲಿ ಲ್ಯಾಪ್‌ಟಾಪ್ ಮುಂದೆ ಕಲಿತದ್ದು. ಕ್ಲಾಸಲ್ಲಿ ಕೂತದ್ದು ಹಾಜರಿಗೆ ಮಾತ್ರ. ನಮ್ಮೂರು ಪಾವಗಡದ ಹತ್ತಿರ. ಅಲ್ಲಿ ಜಗಲಿ ಮೇಲೆ ಕೂತು ಐಐಟಿ ಮೇಷ್ಟ್ರ ಪಾಠ ಕೇಳಬಹುದು ಅಂತ ನಮ್ಮಪ್ಪ ಕನಸಲ್ಲೂ ಅಂದುಕೊಂಡಿರಲಿಲ್ಲ. ಐಐಟಿಗಳೂ ನಮ್ಮ ಐಐಎಸ್‌ಸಿಯೂ ಸೇರಿ ಎನ್‌ಪಿಟೆಲ್ ಅನ್ನುವ ವಿಡಿಯೊ ಪಾಠದ ಯೋಜನೆ ಶುರು ಮಾಡಿದ್ದು 2003ರಲ್ಲಿ. ಆ ವಿಡಿಯೊಗಳಿಲ್ಲದಿದ್ದರೆ ನಾನಿವತ್ತು ಎಲ್ಲಿರುತ್ತಿದ್ದೆನೋ.

ಒಬ್ಬ ಒಳ್ಳೆಯ ಮೇಷ್ಟ್ರು ಒಂದು ಸಲ ಚೆನ್ನಾಗಿ ಹೇಳಿ ರೆಕಾರ್ಡ್ ಮಾಡಿದರೆ ಸಾಕಲ್ವಾ? ಅದೇ ಪಾಠವನ್ನು ರಾಜ್ಯದ ತುಂಬಾ ಸಾವಿರಾರು ಜನ ವರ್ಷ ವರ್ಷ ಯಾಕೆ ಹೇಳುತ್ತಾ ಇರಬೇಕು?

ಲ್ಯಾಬ್ ಮೇಡಂ (ದಾವಣಗೆರೆ)

ಎನ್‌ಪಿಟೆಲ್ ಹೆಸರು ಬಂತಲ್ಲ, ಬಾಯಿ ಮುಚ್ಚಿಕೊಂಡಿರಲು ಆಗುತ್ತಿಲ್ಲ. ನಾನು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ನಮ್ಮ ಹುಡುಗರು ಆ ಕೋರ್ಸುಗಳಿಗೆ ಸೇರಿದಾಗ ನೋಡಿಕೊಳ್ಳುವುದು ನನ್ನ ಕೆಲಸ.

ಅಲ್ಲಿ ಪಾಠ ಪುಕ್ಕಟೆ. ಸರ್ಟಿಫಿಕೇಟ್ ಬೇಕು ಅಂದರೆ ಸಾವಿರ ರೂಪಾಯಿ ಕಟ್ಟಿ, ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯಬೇಕು. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಪರೀಕ್ಷೆಗೆ 75. ಅಸೈನ್‌ಮೆಂಟಿನಲ್ಲಿ ನಮ್ಮ ಹುಡುಗರಿಗೆ 24, 25 ಬರುತ್ತದೆ. ಯಾಕೆಂದರೆ ಉತ್ತರ ಯಾವುದೋ ಟೆಲಿಗ್ರಾಮ್ ಗುಂಪಿನಲ್ಲಿ ಮೊದಲೇ ಬಂದಿರುತ್ತದೆ. ಪರೀಕ್ಷೆಯಲ್ಲಿ ಪಾಸಾಗಲು 75ಕ್ಕೆ 30 ಬೇಕು. ಹೋದ ಸಲ ನನ್ನ ಗುಂಪಿನಲ್ಲಿ ಅರ್ಧಕ್ಕರ್ಧ ಜನ ಅಲ್ಲೇ ಮುಗ್ಗರಿಸಿದರು. "ನೋಡುವಾಗ ಗೊತ್ತಿತ್ತು" ಅಂದ ಹುಡುಗನ ಅಣ್ಣಂದಿರು ಇವರು.

ಪಾಸಾದವರು ಯಾರು ಅಂತ ನೋಡಿದೆ. ನಾಲ್ಕು ಹುಡುಗಿಯರು ಸಂಜೆ ಲೈಬ್ರರಿಯಲ್ಲಿ ಒಂದೇ ಮೇಜಿಗೆ ಕೂತು ನೋಡುತ್ತಿದ್ದರು. ಅರ್ಥವಾಗದಿದ್ದರೆ ವಿಡಿಯೊ ನಿಲ್ಲಿಸಿ ಜಗಳ ಆಡುತ್ತಿದ್ದರು. ನಾಲ್ಕೂ ಜನ ಪಾಸು. ಒಬ್ಬರೇ ರೂಮಿನಲ್ಲಿ ಕೂತು ದಕ್ಕಿಸಿಕೊಳ್ಳುವವರೂ ಇದ್ದಾರೆ, ಇಲ್ಲ ಅನ್ನುವುದಿಲ್ಲ. ಪಾವಗಡದ ತಮ್ಮ ಅಂಥವರು. ಎಲ್ಲರೂ ಅವರಂತಿಲ್ಲ.

ಇನ್ನೊಂದು ಮಾತು. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಕೋರ್ಸುಗಳಲ್ಲಿ ಶೇ 40ರವರೆಗೆ "ಸ್ವಯಂ" ಅನ್ನುವ ಕೇಂದ್ರ ಸರ್ಕಾರದ ಆನ್‌ಲೈನ್ ವೇದಿಕೆಯಿಂದಲೇ ಮಾಡಬಹುದು. ಒಳ್ಳೆಯದೇ. ಆದರೆ ಕೆಲವು ಕಡೆ ಇದರ ಅರ್ಥ ಬೇರೆಯೇ ಆಗಿದೆ. ಆ ವಿಷಯಕ್ಕೆ ಲೆಕ್ಚರರ್ ಇಲ್ವಾ, ಸ್ವಯಂ ಹಾಕಿಬಿಡಿ, ಒಂದು ಸಂಬಳ ಉಳಿಯಿತು. ಹೆಸರು ಹೇಳುವುದಿಲ್ಲ, ನನಗೂ ಕೆಲಸ ಬೇಕು.

ಸಪ್ತಾಪುರದ ರೂಮಿನವ (ಧಾರವಾಡ)

ನಾನು ಪಿಡಿಒ ಪರೀಕ್ಷೆಗೆ ಓದುತ್ತಿದ್ದೇನೆ. ಮೂರನೇ ವರ್ಷ ನೋಡ್ರಿ. ಸಪ್ತಾಪುರದಲ್ಲಿ ಹೆಜ್ಜೆಗೊಂದು ಕೋಚಿಂಗ್ ಸೆಂಟರ್ ಇದೆ. ಫೀ ಕಟ್ಟಲು ನನ್ನ ಹತ್ತಿರ ರೊಕ್ಕ ಇಲ್ಲ. ಸಂವಿಧಾನ, ಇತಿಹಾಸ, ಮೆಂಟಲ್ ಎಬಿಲಿಟಿ ಎಲ್ಲಾ ಫೋನಿನಲ್ಲೇ ಪುಕ್ಕಟೆ ಕೇಳುತ್ತೇನೆ. ನಮ್ಮ ಕಾಕಾ ಒಂದು ಪ್ರಶ್ನೆ ಕೇಳಿದರು. "ಎಲ್ಲಾ ಫೋನಿನಲ್ಲೇ ಐತಿ ಅಂದ್ರ ಊರಾಗ ಕುಂತು ಕೇಳೋ. ಧಾರವಾಡದಾಗ ಯಾಕ ಬಾಡಿಗಿ ಕಟ್ತಿ?"

ಉತ್ತರ ಹೊಳೆಯಲಿಲ್ಲ. ಆಮೇಲೆ ಯೋಚಿಸಿದೆ. ನಾನು ತಿಂಗಳಿಗೆ 700 ರೂಪಾಯಿ ಕೊಟ್ಟು ಒಂದು ರೀಡಿಂಗ್ ರೂಮಿನಲ್ಲಿ ಕುರ್ಚಿ ಹಿಡಿದಿದ್ದೇನೆ. ಒಂದು ಕುರ್ಚಿ, ಒಂದು ಫ್ಯಾನು, ಒಂದು ಪ್ಲಗ್ಗು, ಅಷ್ಟೇ. ಪಾಠ ಪುಕ್ಕಟೆ, ಕುರ್ಚಿಗೆ ರೊಕ್ಕ. ಅಲ್ಲಿ ಮುಂಜಾನೆ ಆರಕ್ಕೆ ನಲವತ್ತು ಜನ ತಲೆ ಬಗ್ಗಿಸಿ ಓದುತ್ತಿರುತ್ತಾರೆ. ಅವರನ್ನು ನೋಡಿದರೆ ಫೋನಿನಲ್ಲಿ ರೀಲ್ಸ್ ತೆಗೆಯಲು ನಾಚಿಕೆ ಆಗುತ್ತದೆ. ಊರಾಗ ಆ ನಾಚಿಕೆ ಸಿಗುವುದಿಲ್ಲ.

ಕೋಡ್ ಬರೆಯುವವ

ಹ್ಹಹ್ಹ, ನಾಚಿಕೆಗೆ 700 ರೂಪಾಯಿ! ಒಪ್ಪಿದೆ ಗುರುವೇ. ನೀವು ಹೇಳಿದ ಮೇಲೆ ನೆನಪಾಯಿತು. ಬರೀ ಆನ್‌ಲೈನ್ ಅಂತಿದ್ದ ದೊಡ್ಡ ದೊಡ್ಡ ಕಂಪನಿಗಳೇ 2022ರಲ್ಲಿ ಸಾಲುಸಾಲಾಗಿ ಕಟ್ಟಡ ಹಿಡಿದು ಬೆಂಚು ಹಾಕಿದವು. ಫಿಸಿಕ್ಸ್‌ವಾಲಾ, ಅನ್‌ಅಕಾಡೆಮಿ, ಬೈಜೂಸ್ ಮೂರೂ. ಆಗ ಇದೇನು ಉಲ್ಟಾ ಹೊಡೀತಿದ್ದಾರೆ ಅನ್ನಿಸಿತ್ತು.

ಎರಡು ಮಕ್ಕಳ ಅಮ್ಮ (ಬೆಂಗಳೂರು)

ಕಂಪನಿಗಳ ಮಾತು ಬಂದಿದ್ದಕ್ಕೆ ನನ್ನದೂ ಒಂದು. ಕೊರೊನಾ ಕಾಲದಲ್ಲಿ ಒಂದು ಆ್ಯಪಿನವರು ಮನೆಗೇ ಬಂದರು. ಎಂಟು ವರ್ಷದ ಮಗನಿಗೆ ಐದು ಲೆಕ್ಕ ಕೊಟ್ಟರು, ಎರಡು ತಪ್ಪಾಯಿತು. "ಈಗಲೇ ಸರಿಮಾಡದಿದ್ದರೆ ಹಿಂದೆ ಬೀಳುತ್ತಾನೆ ಮೇಡಂ" ಅಂದರು. ಅದೂ ಮಗುವಿನ ಎದುರಿಗೇ. ನನ್ನ ಗಂಡ ಇಎಂಐಗೆ ಸಹಿ ಹಾಕಿದರು. ಟ್ಯಾಬ್ ಬಂತು. ಮೂರು ವಾರ ನೋಡಿದ. ಆಮೇಲೆ ಟ್ಯಾಬ್ ಬೀರುವಿನಲ್ಲಿ, ಕಂತು ಮಾತ್ರ ತಿಂಗಳು ತಿಂಗಳು.

ಅದೇ ಮನೆಯಲ್ಲಿ ದೊಡ್ಡವಳು ಖಾನ್ ಅಕಾಡೆಮಿ ನೋಡಿಯೇ ಬೀಜಗಣಿತ ಹತ್ತಿಸಿಕೊಂಡಳು. ಒಂದು ರೂಪಾಯಿ ಖರ್ಚಿಲ್ಲ. ಅವಳಿಗೆ ಆಗ ಹದಿಮೂರು. ಇವನಿಗೆ ಎಂಟು. ವಯಸ್ಸಿನದೇ ದೊಡ್ಡ ವ್ಯತ್ಯಾಸ ಅಂತ ನನ್ನ ಅನಿಸಿಕೆ. 2020ರ ಜೂನಿನಲ್ಲಿ ಸರ್ಕಾರ ಐದನೇ ಕ್ಲಾಸಿನವರೆಗೆ ಆನ್‌ಲೈನ್ ಕ್ಲಾಸೇ ಬೇಡ ಅಂದಿತ್ತು, ನೆನಪಿದೆಯಾ? ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಗ ನಾನು ಕೋರ್ಟಿನ ಪರ ಇದ್ದೆ. ಕಲಿಯುವುದನ್ನು ತಡೆಯೋಕೆ ಇವರ್ಯಾರು ಅಂತ. ಈಗಲೂ ಕೋರ್ಟು ತಪ್ಪು ಅನ್ನುವುದಿಲ್ಲ. ಆದರೆ ಚಿಕ್ಕವನ ಕ್ಲಾಸಿಗೆ ಪಕ್ಕದಲ್ಲಿ ಕೂತು, ಮ್ಯೂಟ್ ತೆಗಿ, ಮ್ಯೂಟ್ ಹಾಕು, ಪುಸ್ತಕ ತಿರುಗಿಸು ಅಂತ ಆ ಇಡೀ ವರ್ಷ ನಾನೂ ಎರಡನೇ ಕ್ಲಾಸ್ ಓದಿದ್ದೇನೆ. ಪಕ್ಕದಲ್ಲಿ ಕೂರೋಕೆ ಆಗದ ತಾಯಂದಿರ ಮಕ್ಕಳು ಏನು ಮಾಡಿರಬಹುದು?

ಘಟ್ಟದ ಮೇಲಿನವ (ಶಿರಸಿ)

ಏನು ಮಾಡಿದರು ಅಂತ ನಾನು ಹೇಳುತ್ತೇನೆ. ಗುಡ್ಡ ಹತ್ತಿದರು. ನಮ್ಮ ಮನೆ ಇರುವುದು ತೋಟದ ತಗ್ಗಿನಲ್ಲಿ. ಫೋನಿಗೆ ಒಂದು ಕಡ್ಡಿ ಸಿಗ್ನಲ್ ಬೇಕಾದರೂ ಬೆಟ್ಟದ ತಲೆಗೆ ಹೋಗಬೇಕು. ಮಗಳು ಮತ್ತು ಪಕ್ಕದ ಮನೆಯ ಇಬ್ಬರು ಹುಡುಗರಿಗೆ ಅಡಿಕೆ ದಬ್ಬೆ ಕಟ್ಟಿ, ಮೇಲೆ ತಾಡಪಾಲು ಹಾಕಿ ಮಾಳ ಮಾಡಿಕೊಟ್ಟೆವು. ಜುಲೈ ಮಳೆ, ಕಾಲಿಗೆ ಉಂಬಳ. ಉಪ್ಪಿನ ಪೊಟ್ಟಣ ಇಟ್ಟುಕೊಂಡು ಆನ್‌ಲೈನ್ ಕ್ಲಾಸಿಗೆ ಹೋದ ಮಕ್ಕಳು ಬೇರೆ ಎಲ್ಲಿ ಸಿಗುತ್ತಾರೆ? ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರೂ ಹೋಗುತ್ತಿತ್ತು. 2021ರಲ್ಲಿ ಸುಳ್ಯದ ಕಡೆ ರಸ್ತೆ ಬದಿ ಕೂತ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ಎಲ್ಲಾ ಕಡೆ ಓಡಾಡಿತು. ಎಲ್ಲರೂ ಅಯ್ಯೋ ಅಂದರು. ನಮಗೆ ಅದು ದಿನನಿತ್ಯದ ಚಿತ್ರ.

ಆದರೂ ನಾನು ಆನ್‌ಲೈನ್ ವಿರೋಧಿ ಅಲ್ಲ. ನನ್ನ ಹೆಂಡತಿ ಮದುವೆಯಾಗಿ ಬಂದಾಗ ಪಿಯುಸಿಗೆ ನಿಲ್ಲಿಸಿದ್ದಳು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮಾಡಿದಳು. ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು. ಮೈಸೂರು ವಿಶ್ವವಿದ್ಯಾಲಯ ಅಂಚೆ ಮೂಲಕ ಪಾಠ ಶುರು ಮಾಡಿದ್ದು 1969ರಲ್ಲಿ, ಅದೇ ಬೆಳೆದು 1996ರಲ್ಲಿ ಮುಕ್ತ ವಿಶ್ವವಿದ್ಯಾಲಯ ಆಯಿತು. ದೂರದಿಂದ ಕಲಿಯುವುದು ಫೋನಿನ ಜೊತೆ ಹುಟ್ಟಿದ್ದಲ್ಲ. ಅಡಿಕೆ ಸುಲಿಯುವ ಸೀಸನ್ನಿನಲ್ಲಿ ರಾತ್ರಿ ಹನ್ನೊಂದಕ್ಕೆ ಪುಸ್ತಕ ಬಿಡಿಸುತ್ತಿದ್ದಳು. ಅವಳಿಗೆ ಕಾಲೇಜೇ ಮನೆಗೆ ಬರಬೇಕಿತ್ತು, ಬಂತು.

ಚುಕ್ಕಿ (ದ್ವಿತೀಯ ಪಿಯುಸಿ)

ದೊಡ್ಡವರ ಮಧ್ಯೆ ಬರಬಹುದಾ? ಗುಡ್ಡದ ಕಥೆ ಓದಿ ನಮ್ಮ ಮನೆ ನೆನಪಾಯಿತು. ನಮ್ಮೂರಲ್ಲಿ ಸಿಗ್ನಲ್ ಚೆನ್ನಾಗಿತ್ತು. ಮನೆಯಲ್ಲಿ ಫೋನ್ ಒಂದೇ ಇತ್ತು. ಅಣ್ಣನ ಕ್ಲಾಸಿದ್ದರೆ ಅಣ್ಣನಿಗೆ. ಅಣ್ಣನ ಕ್ಲಾಸ್ ಇಲ್ಲದಿದ್ದರೂ ಅಣ್ಣನಿಗೆ. ನನಗೆ ಸಿಗುತ್ತಿದ್ದದ್ದು ರಾತ್ರಿ, ನೆಟ್ ಖಾಲಿಯಾದ ಮೇಲೆ. ಅಷ್ಟೇ ಹೇಳಬೇಕಿತ್ತು.

ಲ್ಯಾಬ್ ಮೇಡಂ

ಅಷ್ಟೇ ಅಲ್ಲ ಮರಿ, ಇದು ದೊಡ್ಡ ವಿಷಯ. ಹಳ್ಳಿ ಮಕ್ಕಳ ಕಲಿಕೆ ನೋಡುವ ಅಸರ್ ಸಮೀಕ್ಷೆ ಇದೆಯಲ್ಲ, 2021ರ ಆ ಸಮೀಕ್ಷೆಯಲ್ಲಿ ಹಳ್ಳಿಯ ಶಾಲೆ ಮಕ್ಕಳಲ್ಲಿ ಶೇ 67ಕ್ಕಿಂತ ಜಾಸ್ತಿ ಜನರ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. 2018ರಲ್ಲಿ ಅದು ಶೇ 36ರ ಹತ್ತಿರ. ಎಲ್ಲರೂ ಈ ಏರಿಕೆಯನ್ನೇ ಹೇಳಿದರು. ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಾಲಿದೆ. ಫೋನಿರುವ ಮನೆಯಲ್ಲೂ ಸುಮಾರು ನಾಲ್ಕರಲ್ಲಿ ಒಂದು ಮಗುವಿಗೆ ಅದು ಕೈಗೇ ಸಿಗುತ್ತಿರಲಿಲ್ಲ. ಮನೆಯಲ್ಲಿ ಫೋನಿದೆ ಅಂದ ಮಾತ್ರಕ್ಕೆ ಮಗುವಿನ ಹತ್ತಿರ ಇದೆ ಅಂತಲ್ಲ.

ನಿವೃತ್ತ ಮೇಷ್ಟ್ರು (ಚಾಮರಾಜನಗರ)

ಯುವಕರೇ, ನಮ್ಮ ಜಿಲ್ಲೆಗೆ ಆಕಾಶದಿಂದ ಪಾಠ ಬಂದದ್ದು ನಿಮಗೆ ಗೊತ್ತಿರಲಿಕ್ಕಿಲ್ಲ. 2004ರ ಸೆಪ್ಟೆಂಬರಿನಲ್ಲಿ ಇಸ್ರೋದವರು ಶಿಕ್ಷಣಕ್ಕೆ ಅಂತಲೇ ಎಜುಸ್ಯಾಟ್ ಉಪಗ್ರಹ ಹಾರಿಸಿದರು. ಅದರ ಪ್ರಾಥಮಿಕ ಶಾಲೆ ಪ್ರಯೋಗಕ್ಕೆ ಆರಿಸಿದ್ದು ನಮ್ಮ ಚಾಮರಾಜನಗರವನ್ನು. ನಮ್ಮ ಶಾಲೆಯ ಹೆಂಚಿನ ಮೇಲೂ ತಟ್ಟೆ ಬಂದು ಕೂತಿತು. ಒಳಗೊಂದು ಟಿ.ವಿ., ಒಂದು ಬ್ಯಾಟರಿ. ಮೊದಲ ದಿನ ಊರಿಗೆ ಊರೇ ನೋಡಲು ಬಂದಿತ್ತು.

ಪಾಠ ಚೆನ್ನಾಗಿಯೇ ಇತ್ತು. ಆದರೆ ಒಂದು ವಿಚಿತ್ರ. ಟಿ.ವಿ.ಯಲ್ಲಿ ಪ್ರಶ್ನೆ ಕೇಳಿ, ಉತ್ತರಕ್ಕೆ ಅಂತ ಸ್ವಲ್ಪ ಹೊತ್ತು ಬಿಡುತ್ತಿದ್ದರು. ಮಕ್ಕಳು ಒಟ್ಟಿಗೆ ಕೂಗಿ ಉತ್ತರ ಹೇಳುತ್ತಿದ್ದರು. ತಪ್ಪು ಹೇಳಿದರೂ ಟಿ.ವಿ. "ಸರಿಯಾಗಿ ಹೇಳಿದಿರಿ ಮಕ್ಕಳೇ" ಅನ್ನುತ್ತಿತ್ತು! ಒಂದು ಹುಡುಗಿ ನನ್ನ ಕಡೆ ತಿರುಗಿ ನಕ್ಕಿದ್ದು ಇನ್ನೂ ಕಣ್ಣ ಮುಂದಿದೆ. ಅದಕ್ಕೆ ನಾನು ಟಿ.ವಿ. ಪಕ್ಕದಲ್ಲಿ ನಿಲ್ಲಲು ಶುರು ಮಾಡಿದೆ. ಮಧ್ಯೆ ನಿಲ್ಲಿಸಿ ಕೇಳುವಂತಿಲ್ಲ, ಪಾಠ ಓಡುತ್ತಿರುತ್ತದೆ. ಮಕ್ಕಳ ಮುಖ ನೋಡುತ್ತಾ ನಿಲ್ಲುತ್ತಿದ್ದೆ. ಯಾರ ಮುಖ ಬಾಡಿತೋ ಅವರ ಹತ್ತಿರ ಆಮೇಲೆ ಹೋಗುತ್ತಿದ್ದೆ. ರೇಡಿಯೊದಲ್ಲಿ "ಚುಕ್ಕಿ ಚಿನ್ನ" ಅನ್ನುವ ಶಾಲಾ ಪಾಠ ಬರುವಾಗಲೂ ಅಷ್ಟೇ. ನಿಮ್ಮ ಫೋನಿಗೆ ಒಂದು ಗುಣ ಜಾಸ್ತಿ ಇದೆ, ಅದನ್ನು ನಿಲ್ಲಿಸಬಹುದು.

ನಲಿಕಲಿ ಟೀಚರ್ (ಎಚ್.ಡಿ. ಕೋಟೆ)

ಮೇಷ್ಟ್ರಿಗೆ ನಮಸ್ಕಾರ. ನನಗೆ ನಗು ಬರುವುದು ಎಲ್ಲಿ ಗೊತ್ತಾ? "ಪ್ರತಿ ಮಗುವೂ ತನ್ನದೇ ವೇಗದಲ್ಲಿ ಕಲಿಯಬಹುದು" ಅಂತ ಆ್ಯಪಿನವರು ಜಾಹೀರಾತು ಕೊಡುವಾಗ. ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ ಶುರುವಾದದ್ದೇ ನಮ್ಮ ತಾಲ್ಲೂಕಿನಲ್ಲಿ, 1995ರಲ್ಲಿ. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು. ಗೋಡೆ ಮೇಲೆ ಕಲಿಕಾ ಏಣಿ. ಮಗು ತನ್ನ ಮೆಟ್ಟಿಲು ನೋಡಿ, ತಾನೇ ಕಾರ್ಡ್ ತೆಗೆದುಕೊಂಡು, ತನ್ನ ಗುಂಪಿಗೆ ಹೋಗಿ ಕೂರುತ್ತದೆ. ಜ್ವರ ಬಂದು ಎರಡು ವಾರ ಬರದಿದ್ದರೆ ಬಿಟ್ಟ ಮೆಟ್ಟಿಲಿನಿಂದಲೇ ಶುರು. ತನ್ನ ವೇಗ ಅಂದರೆ ಇನ್ನೇನು? ಬ್ಯಾಟರಿ ಬೇಡ, ನೆಟ್ ಬೇಡ. ಕಾರ್ಡ್ ಹರಿಯುತ್ತದೆ, ಅದೊಂದು ಕಷ್ಟ.

ಆ ಏಣಿಯಲ್ಲೇ ಗುಂಪುಗಳೂ ಇವೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು, ಸ್ವಲ್ಪ ಸಹಾಯ ಬೇಕಾದವರು, ಗೆಳೆಯರ ಸಹಾಯದಿಂದ ಮಾಡುವವರು, ಕೊನೆಗೆ ತಾವೇ ಮಾಡುವವರು. ನಾನು ಮೊದಲ ಗುಂಪಿನ ಹತ್ತಿರ ನೆಲದ ಮೇಲೆ ಕೂರುತ್ತೇನೆ. ತಿಪಟೂರಿನ ಸರ್, ನಿಮ್ಮ 19 ಜನ, ಗೆಳೆಯರ ಸಹಾಯದಿಂದ ಮಾಡುವವರ ಗುಂಪಿಗೆ ಬಂದು ನಿಂತಿದ್ದಾರೆ ಅಷ್ಟೇ. ಹತ್ತನೇ ಕ್ಲಾಸಿಗೆ ಇದು ಆಗಬಾರದು ಅಂತ ಯಾರಾದರೂ ಹೇಳಿದ್ದಾರಾ?

ಶಾಲೆ ಮುಚ್ಚಿದ್ದಾಗ, 2020ರ ಆಗಸ್ಟಿನಲ್ಲಿ, ವಿದ್ಯಾಗಮ ಅಂತ ಮಾಡಿದೆವಲ್ಲ. ಮಾರಮ್ಮನ ಗುಡಿ ಜಗಲಿ ಮೇಲೆ ಹತ್ತು ಮಕ್ಕಳನ್ನು ಕೂರಿಸಿಕೊಂಡು. ಸೋಂಕು ಹೆಚ್ಚಾಗಿ ಅಕ್ಟೋಬರಿನಲ್ಲಿ ನಿಲ್ಲಿಸಿದರು, ನಿಲ್ಲಿಸಲೇಬೇಕಿತ್ತು. ಆ ಎರಡು ತಿಂಗಳಲ್ಲಿ ನಾನು ಮೊದಲ ಸಲ ನನ್ನ ಮಕ್ಕಳ ಮನೆ ನೋಡಿದೆ. ದಿನಾ ತಡವಾಗಿ ಬರುತ್ತಿದ್ದ ಹುಡುಗ ಎಷ್ಟು ದೂರದಿಂದ ನೀರು ಹೊರುತ್ತಾನೆ ಅಂತ ಆಗ ತಿಳಿಯಿತು. ಆಮೇಲೆ ನಾನವನನ್ನು ಬೈಯಲಿಲ್ಲ. ಮರುವರ್ಷ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ 16,067 ಮಕ್ಕಳನ್ನು ನೋಡಿ ಬರೆದರು. ಶೇ 92 ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಒಂದಾದರೂ ಭಾಷೆಯ ಕೌಶಲ ಮರೆತಿದ್ದರು. ಗಣಿತದಲ್ಲಿ ಶೇ 82. ಅದನ್ನು ಓದಿ ನಮಗೆ ಆಶ್ಚರ್ಯವೇ ಆಗಲಿಲ್ಲ.

ದೂರದ ಕನ್ನಡತಿ (ನ್ಯೂಜೆರ್ಸಿ)

ಶಾಲೆ ಬಿಟ್ಟು ಬೇರೆ ಕಡೆ ಹೋಗುತ್ತೇನೆ, ಕ್ಷಮಿಸಿ. ನನ್ನ ಮಗಳು ಮೈಸೂರಿನ ಟೀಚರ್ ಹತ್ತಿರ ವಿಡಿಯೊದಲ್ಲಿ ಸಂಗೀತ ಕಲಿಯುತ್ತಾಳೆ. ನಮಗೆ ಶನಿವಾರ ಬೆಳಿಗ್ಗೆ ಎಂಟು, ಅವರಿಗೆ ಸಂಜೆ ಐದೂವರೆ. ನವೆಂಬರಿನಲ್ಲಿ ಇಲ್ಲಿ ಗಡಿಯಾರ ಹಿಂದೆ ಹಾಕಿದಾಗ ಪ್ರತಿ ವರ್ಷವೂ ಒಂದು ಕ್ಲಾಸ್ ತಪ್ಪುತ್ತದೆ!

ಒಂದು ಸಮಸ್ಯೆಗೆ ಮಾತ್ರ ಪರಿಹಾರವೇ ಇಲ್ಲ. ಇಬ್ಬರೂ ಒಟ್ಟಿಗೆ ಹಾಡಲು ಆಗುವುದಿಲ್ಲ. ದನಿ ತಲುಪುವುದು ಒಂದು ಕ್ಷಣ ತಡ. ತಾಳ ಹಾಕಿದರೆ ಅವರ ಚಪ್ಪಾಳೆ ಇವಳಿಗೆ ತಡವಾಗಿ ಕೇಳುತ್ತದೆ, ಇವಳದ್ದು ಅವರಿಗೆ ಇನ್ನೂ ತಡ. ಅದಕ್ಕೆ ಟೀಚರ್ ಒಂದು ಸಾಲು ಹಾಡುತ್ತಾರೆ, ಇವಳು ಸುಮ್ಮನೆ ಕೇಳುತ್ತಾಳೆ. ಆಮೇಲೆ ಇವಳು, ಅವರು ಸುಮ್ಮನೆ. ಸರಳೆ ವರಸೆ, ಜಂಟಿ ವರಸೆ ಎಲ್ಲಾ ಹೀಗೇ ಆಯಿತು. ಶ್ರುತಿ ಚೆನ್ನಾಗಿದೆ, ಸ್ವರ ಶುದ್ಧವಾಗಿದೆ.

ಹೋದ ಬೇಸಿಗೆ ಮೈಸೂರಿಗೆ ಹೋದೆವು. ಟೀಚರ್ ಮನೆಯಲ್ಲಿ ಚಾಪೆ ಮೇಲೆ ಎದುರು ಬದುರು ಕೂತು ಮೊದಲ ಸಲ ಒಟ್ಟಿಗೆ ಹಾಡಿದರು. ಐದನೇ ನಿಮಿಷಕ್ಕೆ ಮಗಳು ನಿಲ್ಲಿಸಿಬಿಟ್ಟಳು. "ಅಮ್ಮ, ನನ್ನ ದನಿ ಎಲ್ಲಿ ಹೋಯ್ತು ಗೊತ್ತಾಗ್ತಿಲ್ಲ" ಅಂದಳು. ಟೀಚರ್ ನಕ್ಕು, "ಅದೇ ಬೇಕಾಗಿದ್ದು ಪುಟ್ಟ" ಅಂದರು. ವಿಡಿಯೊ ಇಲ್ಲದಿದ್ದರೆ ಈ ಟೀಚರೇ ಅವಳಿಗೆ ಸಿಗುತ್ತಿರಲಿಲ್ಲ, ಅದೂ ನಿಜ.

ಕೋಡ್ ಬರೆಯುವವ

ಒಂದು ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಹಾಸ್ಟೆಲ್ ರೂಮಿನಲ್ಲಿ ಒಬ್ಬನೇ ಕಲಿತೆ ಅನ್ನುವ ಹಾಗೆ ಬರೆದಿದ್ದೆನಲ್ಲ. ನಿನ್ನೆ ರಾತ್ರಿ ಯೋಚಿಸಿದೆ. ರೂಮ್‌ಮೇಟ್ ಒಬ್ಬ ಇದ್ದ. ನನ್ನ ಕೋಡ್ ಓಡದಿದ್ದಾಗ ಹಿಂದೆ ಬಂದು ನಿಂತು "ಏನೋ ಇದು ಕಸ" ಅನ್ನುತ್ತಿದ್ದ. ಅವನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಉಳಿದದ್ದು ಹಾಗೇ ಇರಲಿ. ಕೆಟ್ಟದಾಗಿ ಪಾಠ ಮಾಡುವವರ ಕ್ಲಾಸಿಗಿಂತ ಒಳ್ಳೆಯ ವಿಡಿಯೊ ಮೇಲು, ಅದರಲ್ಲಿ ನಾನು ರಾಜಿ ಆಗುವುದಿಲ್ಲ.

ಗಣಿತದ ಮೇಷ್ಟ್ರು

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಕೋಟೆಯ ಟೀಚರ್ ಮಾತು ಹಿಡಿದು ಒಂದು ಪ್ರಯೋಗ ಮಾಡಿದೆ.

ಪಾಠ ಹೇಳುವುದನ್ನು 12 ನಿಮಿಷಕ್ಕೆ ಇಳಿಸಿದೆ. ಉಳಿದ ಹೊತ್ತು ಚೀಟಿ. ಒಂದೊಂದು ಚೀಟಿಯಲ್ಲಿ ಒಂದು ಲೆಕ್ಕ, ಬೇಕಂತಲೇ ತಪ್ಪಾಗಿ ಬಿಡಿಸಿದ್ದು. ತಪ್ಪು ಯಾವ ಸಾಲಿನಲ್ಲಿದೆ ಅಂತ ಹುಡುಕಬೇಕು. ಐದಾರು ಜನರ ಗುಂಪು, ಪ್ರತಿ ಗುಂಪಿನಲ್ಲೂ ವಿಡಿಯೊ ನೋಡಿದವರು ಇಬ್ಬರು. ನಾನು ಬೆಂಚಿನಿಂದ ಬೆಂಚಿಗೆ ಹೋಗಿ ನೋಟ್‌ಬುಕ್ ನೋಡುತ್ತೇನೆ. ಮೈನಸ್ ಚಿಹ್ನೆ ತಪ್ಪುವ ಜಾಗ ಇಷ್ಟೊಂದಿದೆ ಅಂತ ಹದಿನೆಂಟು ವರ್ಷ ಬೋರ್ಡಿನ ಹತ್ತಿರ ನಿಂತವನಿಗೆ ಗೊತ್ತೇ ಇರಲಿಲ್ಲ.

ಎಲ್ಲಾ ಚೆನ್ನಾಗಾಯಿತು ಅಂತ ಅಂದುಕೊಳ್ಳಬೇಡಿ. ಗದ್ದಲ ಜಾಸ್ತಿ. ಪಕ್ಕದ ಕ್ಲಾಸಿನವರು ಎರಡು ಸಲ ಬಂದು ಬಾಗಿಲು ತಟ್ಟಿದರು. ಸಿಲೆಬಸ್ ಒಂದು ವಾರ ಹಿಂದೆ ಬಿದ್ದಿದೆ. ಮುಖ್ಯ ಶಿಕ್ಷಕರು "ಎಸ್ಸೆಸ್ಸೆಲ್ಸಿ ರಿಸಲ್ಟ್ ಏನಾಗುತ್ತೆ ನೋಡ್ಕೊಳ್ಳಿ" ಅಂದಿದ್ದಾರೆ, ಅವರ ಕಷ್ಟ ಅವರಿಗೆ. 27 ಜನರಲ್ಲಿ ಆರು ಜನ ಇನ್ನೂ ಬಾಯಿ ಬಿಟ್ಟಿಲ್ಲ. ಚುಕ್ಕಿ, ನಿನ್ನ ಮಾತು ಓದಿದ ಮೇಲೆ ವಿಚಾರಿಸಿದೆ. ಆ ಆರರಲ್ಲಿ ಐದು ಹುಡುಗಿಯರು, ಯಾರ ಕೈಗೂ ಫೋನ್ ಸಿಗುವುದಿಲ್ಲ. ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಗ್ರಂಥಾಲಯದಲ್ಲಿ, ಎರಡು ಕಂಪ್ಯೂಟರ್ ಇದೆ. ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಅವರಿಗೆ ಕೊಡಿ ಅಂತ ಗ್ರಂಥಪಾಲಕಿಯವರನ್ನು ಕೇಳಿದ್ದೇನೆ. ಒಪ್ಪಿದ್ದಾರೆ. ಇಬ್ಬರ ಮನೆಯಲ್ಲಿ ಒಪ್ಪಿಲ್ಲ, ಸಂಜೆ ಎಮ್ಮೆ ಕಟ್ಟಬೇಕಂತೆ. ಭಾನುವಾರ ಹೋಗಿ ಮಾತಾಡುತ್ತೇನೆ.

ಮೈನಸ್ 6ರ ಹುಡುಗ ಈಗ ಚೀಟಿ ಬರೆಯುವ ಗುಂಪಿನಲ್ಲಿದ್ದಾನೆ. ಅವನು ಅಡಗಿಸುವ ತಪ್ಪು ನನಗೇ ಸಿಗುವುದಿಲ್ಲ.

ನಲಿಕಲಿ ಟೀಚರ್

ಸರ್, ಆ ಚೀಟಿಗಳ ಫೋಟೊ ತೆಗೆದು ಹಾಕುತ್ತೀರಾ? ನಮ್ಮ ಹೈಸ್ಕೂಲಿನ ಗಣಿತದ ಮೇಡಂ ಕೇಳುತ್ತಿದ್ದಾರೆ.

ಗಣಿತದ ಮೇಷ್ಟ್ರು

ಹಾಕುತ್ತೇನೆ. ಹುಡುಗರ ಕೈಬರಹ, ಓದಿಕೊಳ್ಳುವುದು ನಿಮ್ಮ ಜವಾಬ್ದಾರಿ. ಸರಿ ಉತ್ತರ ಮಾತ್ರ ಹಾಕುವುದಿಲ್ಲ.